ಎಲ್ಲೆ ಸರಿಸುವ ಮೊದಲು ಕೇಳಬೇಕಂತೆ

ಮಾಡಿ ಮುಗಿಸಿದ ಮೇಲೆ ಅಭಿಪ್ರಾಯ ಕೇಳುವ ಗಂಡಸರಲ್ಲಿ ನಾನೂ ಒಬ್ಬ. ಫ್ರಿಜ್ಜನ್ನು ಅಡುಗೆಮನೆಯಿಂದ ಹಾಲಿಗೆ ತಂದಿಟ್ಟು, ಬೆವರು ಒರೆಸಿಕೊಂಡು, "ಇಲ್ಲಿಟ್ರೆ ಹೇಗಿರುತ್ತೆ ವನಜಾ?" ಎಂದು ಹೆಂಡತಿಯನ್ನು ವಿಚಾರಿಸುವುದು ನನ್ನ ಪದ್ಧತಿ. ಮದುವೆಯೂಟ ಮುಗಿದ ಮೇಲೆ ಜಾತಕ ತೆಗೆಯುವ ಜಾತಿ ನಿಮ್ಮದು ಎಂದು ಅವಳು ಗೊಣಗುತ್ತಾಳೆ. ನಾವು ತುಮಕೂರಿನ ಕಡೆಯವರು. ಔಷಧ ಕಾರ್ಖಾನೆಯ ಕೆಲಸಕ್ಕೆಂದು ಬಂದು, ವಿಶಾಖಪಟ್ಟಣದ ಪಕ್ಕದ ಪರವಾಡದಲ್ಲಿ ಬೇರುಬಿಟ್ಟವರು. ಇಂಥ ನಾನು, ಯಾರನ್ನೂ ಕೇಳದೆ ಎಲ್ಲೆ ಸರಿಸಬಾರದು ಎಂಬ ತತ್ವಕ್ಕಾಗಿ ಕೋರ್ಟಿನಲ್ಲಿ ಹೋರಾಡಿದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ನಗಲಿ. ನಮ್ಮ ಮನೆಯಲ್ಲಂತೂ ಈಗ ನಗುವವರು ಕಡಿಮೆಯಾಗಿದ್ದಾರೆ.

ವನಜಳ ತಂಗಿ ಸುಧಾ ವಿಜಯವಾಡದ ತೆಲುಗು ಹುಡುಗ ಪ್ರಸಾದನನ್ನು ಮೆಚ್ಚಿ ಮದುವೆಯಾಗಿದ್ದಳು. ಅವನು ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾನೆ. ಜ್ವರವೆಂದು ಮಲಗಿದ ಸುಧಾ ಮತ್ತೆ ಏಳಲಿಲ್ಲ. ಆಗ ಅವರ ಮಗಳು ಸಿರಿಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಪಾಳಿಯ ಕೆಲಸ, ಮನೆಯಲ್ಲಿ ಯಾರೂ ಇಲ್ಲ, ಸ್ವಲ್ಪ ದಿನ ನೋಡಿಕೊಳ್ಳಿ ಎಂದು ಪ್ರಸಾದ ಕೈಮುಗಿದು ಅವಳನ್ನು ನಮ್ಮಲ್ಲಿ ಬಿಟ್ಟುಹೋದ. ಆ ಸ್ವಲ್ಪ ದಿನ ಅವಳ ಐದನೇ ಕ್ಲಾಸಿನವರೆಗೂ ಬೆಳೆಯಿತು. ನಮಗೆ ಮಕ್ಕಳಿಲ್ಲ. ದೊಡ್ಡಪ್ಪ ಎಂದು ಅವಳು ಕೂಗಿದರೆ ನನಗೆ ಕಾರ್ಖಾನೆಯ ಮ್ಯಾನೇಜರ್ ಬೈದದ್ದೂ ಮರೆತುಹೋಗುತ್ತಿತ್ತು. ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಅವಳ ಮಾತನ್ನು ಕೇಳುತ್ತಾ ಕೇಳುತ್ತಾ ವನಜ ತಂಗಿಯ ದುಃಖವನ್ನು ಹೇಗೋ ನುಂಗಿಕೊಂಡಳು.

ಸಿರಿಯದೊಂದೇ ಹಟ. ನಾನು ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಅವಳ ಮಂಚ ಹಾಕಿದರೆ, ಅವಳು ಅದನ್ನು ಎಳೆದುಕೊಂಡು ಹೋಗಿ ಬಾಗಿಲ ಪಕ್ಕ ಇಟ್ಟುಕೊಳ್ಳುತ್ತಿದ್ದಳು. ಓಡಾಡುವ ದಾರಿಯಲ್ಲಿ ಮಂಚ! ನಾನು ಒಳಗೆ ತಳ್ಳುವುದು, ಅವಳು ಹೊರಗೆ ಎಳೆಯುವುದು. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಆ ಬಾಗಿಲ ಹತ್ತಿರ ಮಾತ್ರ ಎನ್ನುವುದು ನನಗೆ ಗೊತ್ತಿತ್ತು. ಪ್ರಸಾದ ದಿನವೂ ಫೋನ್ ಮಾಡುತ್ತಾನೆಂಬುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ.

ಒಂದು ದಿನ ಪ್ರಸಾದ, ತನ್ನ ತಾಯಿ ಊರಿನಿಂದ ಬಂದು ಜೊತೆಗಿದ್ದಾರೆ, ಇನ್ನು ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದ. ವನಜ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಳು. ನನಗೆ ನೋಡಲಾಗಲಿಲ್ಲ. ಮಾರನೆಯ ದಿನವೇ ದ್ವಾರಕಾ ನಗರದ ವಕೀಲರಾದ ಮೂರ್ತಿಗಾರು ಅವರ ಆಫೀಸಿಗೆ ಹೋಗಿ, ಸಿರಿಯ ಪಾಲನೆಯ ಹಕ್ಕು ನಮಗೆ ಕೊಡಿಸಬೇಕೆಂದು ವಿಶಾಖಪಟ್ಟಣದ ಕೋರ್ಟಿನಲ್ಲಿ ಅರ್ಜಿ ಹಾಕಿಸಿ ಬಂದೆ. ಬಂದ ಮೇಲೆ ವನಜಳನ್ನು ಕೇಳಿದೆ, ಹಾಕ್ಲಾ ಎಂದು.

ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಸರ್ಕಾರ ಜಿಲ್ಲೆಗಳನ್ನು ಒಡೆದು ಹೊಸ ಜಿಲ್ಲೆಗಳನ್ನು ಮಾಡಿತು. ವಿಶಾಖಪಟ್ಟಣ ಜಿಲ್ಲೆಯಲ್ಲಿ ಮಲಗಿದ ನಾವು ಅನಕಾಪಲ್ಲಿ ಜಿಲ್ಲೆಯಲ್ಲಿ ಎದ್ದೆವು. ಪ್ರಸಾದನ ವಕೀಲರು ಇದನ್ನೇ ಹಿಡಿದುಕೊಂಡರು. ಮಗು ಇರುವ ಊರು ಈಗ ಬೇರೆ ಜಿಲ್ಲೆ, ಆದ್ದರಿಂದ ಈ ಕೋರ್ಟಿಗೆ ಕೇಸು ಕೇಳುವ ಅಧಿಕಾರವಿಲ್ಲ ಎಂದು ಆಕ್ಷೇಪಣೆ ಸಲ್ಲಿಸಿದರು.

ಮೂರ್ತಿಗಾರು ನನ್ನನ್ನು ಕೂರಿಸಿ ತೆಲುಗಿನಲ್ಲಿ ತಿಳಿಹೇಳಿದರು. ಕಲೆಕ್ಟರರ ಎಲ್ಲೆ ಬೇರೆ, ಕೋರ್ಟಿನ ಎಲ್ಲೆ ಬೇರೆ. ಮೊದಲನೆಯದನ್ನು ಸರ್ಕಾರ ಬದಲಾಯಿಸಬಹುದು. ಎರಡನೆಯದನ್ನು ಮುಟ್ಟಬೇಕಾದರೆ ಮೊದಲು ಹೈಕೋರ್ಟಿನ ಜೊತೆ ಸಮಾಲೋಚಿಸಬೇಕು. ನ್ಯಾಯ ಕೊಡುವವರನ್ನು ಕೇಳದೆ ನ್ಯಾಯದ ಬಾಗಿಲನ್ನು ಎತ್ತಿ ಬೇರೆಡೆ ಇಡುವಂತಿಲ್ಲ. ಆದ್ದರಿಂದ ನಮ್ಮ ಕೇಸು ಇಲ್ಲೇ ನಡೆಯಬೇಕು. ಇಷ್ಟು ಹೇಳಿ ದನಿ ತಗ್ಗಿಸಿದರು. "ಆದರೆ ನಾವು ಸುಮ್ಮನಿದ್ದುಬಿಡೋಣ ಅಂಡಿ. ಕೇಸು ಅಲ್ಲಿಗೆ ಹೋಗಿ ಮೊದಲಿಂದ ಶುರುವಾದರೆ ಬಹಳ ಕಾಲ ಹಿಡಿಯುತ್ತೆ. ಅಲ್ಲಿಯವರೆಗೂ ಮಗು ನಿಮ್ಮ ಮನೆಯಲ್ಲೇ ಇರುತ್ತೆ."

ಬುದ್ಧಿಯಿದ್ದವನು ಅವರ ಕಾಲಿಗೆ ಬೀಳುತ್ತಿದ್ದ. ನನಗೆ ಹಿಡಿಸಿದ್ದು ಸಮಾಲೋಚನೆ ಎಂಬ ತತ್ವ. ಎಂಥ ಗಂಭೀರವಾದ ಮಾತು! ಕಂಪನಿ ಬಸ್ಸಿನಲ್ಲಿ ದಿನವೂ ಅದರ ಮೇಲೆ ನನ್ನ ಉಪನ್ಯಾಸ ಶುರುವಾಯಿತು. ಕೇಳುವುದೆಂದರೆ ಬರೀ ಕಾಟಾಚಾರಕ್ಕೆ ಕೇಳುವುದಲ್ಲ, ಅವರ ಮಾತಿಗೆ ಕಿವಿಗೊಡಬೇಕು, ಕೇಳಿದ ಮೇಲೇ ತೀರ್ಮಾನಿಸಬೇಕು ಎಂದು ನಾನು ಕೈಯೆತ್ತಿ ಹೇಳುವಾಗ ಪಾಳಿ ಮುಗಿಸಿದವರು ಗೊರಕೆ ಹೊಡೆಯುತ್ತಿದ್ದರು. ವನಜಳಿಗೆ ವಕೀಲರ ಸಲಹೆ ತಿಳಿಸಿದಾಗ ಅವಳು, "ರೀ, ಕೋರ್ಟಿನ ಉಸಾಬರಿ ನಿಮಗ್ಯಾಕೆ? ಮಗು ಇನ್ನಷ್ಟು ದಿನ ಇರುತ್ತಲ್ಲ, ಸುಮ್ನಿರಿ. ಊರಿಗೆ ಉಪಕಾರಿ, ಮನೆಗೆ ಮಾರಿ ಆಗ್ಬೇಡಿ" ಎಂದಳು. ಅಷ್ಟರಲ್ಲಿ ನಾನು ಮೂರ್ತಿಗಾರು ಅವರಿಗೆ ಆಕ್ಷೇಪಣೆಯನ್ನು ಎದುರಿಸಿಯೇ ತೀರಬೇಕೆಂದು ಫೋನ್ ಮಾಡಿಯಾಗಿತ್ತು, ಬಾಗಿಲ ಬಳಿಯ ಆ ಮಂಚದ ಮೇಲೆಯೇ ಕುಳಿತು.

ನಾವು ಗೆದ್ದೆವು. ಕೋರ್ಟಿನ ಎಲ್ಲೆ ಇನ್ನೂ ಹಳೆಯದೇ, ಕೇಸು ಇಲ್ಲೇ ಮುಂದುವರಿಯಲಿ ಎಂದರು ನ್ಯಾಯಾಧೀಶರು. ನಾನು ದ್ವಾರಕಾ ನಗರದಲ್ಲಿ ಪೂತರೇಕು ಎಂಬ ಸಿಹಿತಿಂಡಿ ಕೊಂಡು ಬಸ್ಸಿನಲ್ಲಿ ಎಲ್ಲರಿಗೂ ಹಂಚಿದೆ. ನಿದ್ದೆ ಮಾಡುತ್ತಿದ್ದವರನ್ನೂ ಎಬ್ಬಿಸಿ ಕೊಟ್ಟೆ.

ಕೇಸು ಬೇಗ ಬೇಗ ಸಾಗಿತು. ಒಂದು ದಿನ ನ್ಯಾಯಾಧೀಶರು ಸಿರಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ನಮ್ಮನ್ನೂ ಪ್ರಸಾದನನ್ನೂ ಹೊರಗೆ ಒಂದೇ ಬೆಂಚಿನ ಮೇಲೆ ಕೂರಿಸಿದರು. ಅವನು ಮುಚ್ಚಿದ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಒಳಗೆ ಅವರು ಅವಳನ್ನು ಕೇಳಿದ್ದು ಒಂದೇ ಮಾತಂತೆ, ನಿನಗೆ ಎಲ್ಲಿರಬೇಕು ಅನ್ನಿಸುತ್ತೆ ಎಂದು. ತೆಲುಗಿನಲ್ಲಿ ಅಪ್ಪನನ್ನು ಕರೆಯುವಂತೆಯೇ, "ನಾನ್ನ ಹತ್ತಿರ" ಎಂದಳಂತೆ. ಕೋರ್ಟು ಅವಳ ಮಾತನ್ನೂ ಅಪ್ಪನ ಹಕ್ಕನ್ನೂ ತೂಗಿ, ಮಗುವನ್ನು ವಿಜಯವಾಡಕ್ಕೆ ಕಳಿಸಿತು. ತೀರ್ಪಿನಲ್ಲಿ ತಪ್ಪು ಹುಡುಕಲು ಬಹಳ ಪ್ರಯತ್ನಪಟ್ಟೆ, ಸಿಗಲಿಲ್ಲ.

ರೈಲ್ವೆ ಸ್ಟೇಷನ್ನಿನಲ್ಲಿ, ತಡೆಯಲಾರದೆ ಕೇಳಿಬಿಟ್ಟೆ. "ಅಪ್ಪನ ಹತ್ತಿರ ಹೋಗ್ಬೇಕು ಅಂತ ನಮಗೆ ಯಾಕಮ್ಮ ಹೇಳ್ಲಿಲ್ಲ?"

ಸಿರಿ ನನ್ನ ಅಂಗಿಯ ಗುಂಡಿ ತಿರುಗಿಸುತ್ತಾ, "ನೀವು ಕೇಳ್ಲೇ ಇಲ್ಲ ಕದಾ ದೊಡ್ಡಪ್ಪ" ಎಂದಳು. ಕೋಪವಿರಲಿಲ್ಲ ಅವಳಿಗೆ. ಆಮೇಲೆ ವನಜಳ ಕುತ್ತಿಗೆ ತಬ್ಬಿ ಅಳತೊಡಗಿದಳು. ರೈಲು ಹೊರಟ ಮೇಲೂ ವನಜ ಅಲ್ಲೇ ನಿಂತಿದ್ದಳು. ನನಗೂ ಅಳು ಬಂತು. ಅತ್ತೆ.

ಮೊನ್ನೆ ಆ ಮಂಚವನ್ನು ಒಳಕೋಣೆಗೆ ಹಾಕೋಣವೆಂದು ಒಂದು ಕಾಲು ಎತ್ತಿ ಹಿಡಿದಿದ್ದೆ. ವನಜ ಅಡುಗೆಮನೆಯಿಂದಲೇ, "ಅವಳನ್ನ ಕೇಳಿದ್ರಾ?" ಎಂದಳು. ಮಂಚ ಕೆಳಗಿಟ್ಟು, ಅದರ ಮೇಲೆಯೇ ಕುಳಿತು ವಿಜಯವಾಡಕ್ಕೆ ಫೋನ್ ಮಾಡಿದೆ. ಸರಿಸುವ ಮೊದಲೇ ಒಬ್ಬರ ಅಭಿಪ್ರಾಯ ಕೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

"ವದ್ದು ದೊಡ್ಡಪ್ಪ, ಅಲ್ಲೇ ಇರ್ಲಿ. ರಜಕ್ಕೆ ಬರ್ತೀನಿ" ಎಂದಳು ಸಿರಿ.

ಹೀಗಾಗಿ ಮಂಚ ಬಾಗಿಲಲ್ಲೇ ಇದೆ. ಬೆಳಗ್ಗೆ ಬಸ್ಸಿಗೆಂದು ಓಡುವಾಗ ದಿನವೂ ಮೊಣಕಾಲಿಗೆ ಬಡಿಯುತ್ತದೆ. ನಾನು ಮೊಣಕಾಲು ಉಜ್ಜಿಕೊಂಡು, ಮಂಚವನ್ನು ಬಳಸಿಕೊಂಡು ಹೋಗುತ್ತೇನೆ. ಅದನ್ನು ಸರಿಸುವ ಅಧಿಕಾರ ನನಗಿಲ್ಲ.