ಬಾರ್ನಕಲ್ಲಿನ ಗಂಡ

ಫಾರಂ ತುಂಬುವಾಗ ಹೆಸರು, ವಿಳಾಸದವರೆಗೆ ಸರಾಗವಾಗಿ ಓಡುವ ನನ್ನ ಕೈ ‘ಉದ್ಯೋಗ’ ಎಂಬ ಕಾಲಂ ಬಂದೊಡನೆ ನಿಂತುಬಿಡುತ್ತದೆ. ದಾವಣಗೆರೆಯಲ್ಲಿ ಹನ್ನೊಂದು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ಹೆಂಡತಿ ಶೈಲಾಗೆ ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಅವಳ ವೀಸಾದ ಬಾಲ ಹಿಡಿದು ಬಂದೆ. ನನ್ನದು ಡಿಪೆಂಡೆಂಟ್ ವೀಸಾ. ಅಂದರೆ ಉಸಿರಾಡಬಹುದು, ಪಾತ್ರೆ ತೊಳೆಯಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ನಾಲ್ಕು ವರ್ಷವಾಯಿತು. ಸಾರು ಚೆನ್ನಾಗಿ ಮಾಡುತ್ತೇನೆಂದು ಹೆಸರಾಗಿದೆ. ಅದನ್ನು ಯಾರಾದರೂ ಹೊಗಳಿದರೆ ಅಳು ಬರುತ್ತದೆ.

ಬೇಸರ ಕಳೆಯಲು ಬಾರ್ನಕಲ್ ಬಗ್ಗೆ ಓದುವ ಗೀಳು ಹಚ್ಚಿಕೊಂಡೆ. ಇಲ್ಲಿನ ಲಾ ಹೋಯಾ ಕಡಲತೀರದ ಬಂಡೆಗಳಿಗೆ ಸುಣ್ಣದ ಹಕ್ಕಳೆಯಂತೆ ಅಂಟಿಕೊಂಡಿರುತ್ತದಲ್ಲ, ಆ ಜೀವಿ, ಏಡಿಯ ದಾಯಾದಿ. ವಿಕಾಸವಾದದ ಆ ಗಡ್ಡದ ಮಹಾನುಭಾವರು ಎಂಟು ವರ್ಷ ಮನೆಯಲ್ಲೇ ಕುಳಿತು, ಅಂಚೆಯಲ್ಲಿ ತರಿಸಿಕೊಂಡು, ಸೂಕ್ಷ್ಮದರ್ಶಕದಡಿ ಸೀಳಿ ನೋಡಿ ಇವನ್ನು ವರ್ಗೀಕರಿಸಿದರಂತೆ. ಮನೆಯಲ್ಲೇ ಕುಳಿತ ಗಂಡಸೆಂಬ ಸಲಿಗೆಯಿಂದ ಅವರು ನನಗೆ ಹತ್ತಿರದವರಾದರು. ಕೆಲವು ಜಾತಿಯ ಹೆಣ್ಣಿನ ಚಿಪ್ಪಿನೊಳಗೆ ಚುಕ್ಕಿಯಂಥದೇನೋ ಅಂಟಿತ್ತು. ಮೊದಲು ಅದನ್ನು ಪರಾವಲಂಬಿ ಎಂದುಕೊಂಡರು. ಮತ್ತೆ ಮತ್ತೆ ನೋಡಿದಾಗ ತಿಳಿಯಿತು, ಅದು ಗಂಡ. ಕೆಲವಕ್ಕಂತೂ ಬಾಯಿಲ್ಲ, ಹೊಟ್ಟೆಯಿಲ್ಲ, ಹೆಂಡತಿಯ ಚಿಪ್ಪೇ ಮನೆ. ಪುಸ್ತಕ ಮುಚ್ಚಿಟ್ಟೆ. ನನಗೆ ಹೊಟ್ಟೆಯಾದರೂ ಇದೆ, ಇತ್ತೀಚೆಗೆ ಮುಂದಕ್ಕೂ ಬರುತ್ತಿದೆ.

ನಾನು ಮಾಡಿದ ತಪ್ಪೆಂದರೆ, ಈ ಕಥೆಯನ್ನು ಮೂರನೇ ಕ್ಲಾಸಿನ ಮಗಳು ಇಳಾಗೆ ಹೇಳಿದ್ದು. ಹೋದ ವಾರ ಅವಳ ಶಾಲೆಯಿಂದ ಒಂದು ಹಾಳೆ ಬಂತು. ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆಂದು ಚಿತ್ರ ಬಿಡಿಸಿ ಎರಡು ಸಾಲು ಬರೆಯಬೇಕು.

“ಅಪ್ಪ, ವಾಟ್ ಡು ಐ ರೈಟ್ ಫಾರ್ ಯೂ?”

“ಖಾಲಿ ಬಿಡು ಪುಟ್ಟಿ.”

“ರೀ, ಮಗು ಹತ್ರ ಹಾಗೆಲ್ಲಾ ಹೇಳ್ಬೇಡಿ,” ಎಂದಳು ಶೈಲಾ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. “ಪ್ರೊಫೆಸರ್ ಅಂತ ಬರಿ ಕಂದ.”

“ಬಟ್ ಹೀ ಈಸ್ ನಾಟ್.”

ಒಗ್ಗರಣೆಯ ನೆಪ ಹೇಳಿ ನಾನು ಎದ್ದುಹೋದೆ.

ಮರುದಿನ ಬೆಳಿಗ್ಗೆ ಸಹಿಗೆಂದು ಆ ಹಾಳೆ ನನ್ನ ಮುಂದೆ ಬಂತು. ಲ್ಯಾಪ್‌ಟಾಪ್ ಹಿಡಿದ ದೊಡ್ಡದೊಂದು ಬಾರ್ನಕಲ್, ಅಮ್ಮ. ಅದರೊಳಗೆ ಕನ್ನಡಕ ಹಾಕಿದ ಚುಕ್ಕಿ, ಅಪ್ಪ. ಚುಕ್ಕಿಗೊಂದು ಬಾಣದ ಗುರುತು ಹಾಕಿ ಇಂಗ್ಲಿಷಿನಲ್ಲಿ ಬರೆದಿದ್ದಳು: ಇದು ಪರಾವಲಂಬಿ ಅಲ್ಲ, ಇನ್ನೊಂದು ಸಲ ನೋಡಿ.

ಇನ್ನೊಂದು ಸಲ ನೋಡಲಾಗಲಿಲ್ಲ, ಕಣ್ಣು ಮಂಜಾಗಿತ್ತು. ಹೇಗೋ ಸಹಿ ಹಾಕಿದೆ. ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಇತ್ತು: ಸಹಿ ಮಾಡಿದವರ ಉದ್ಯೋಗ. “ಅಯ್ಯೋ, ಸಾರು ಉಕ್ತಾ ಇದೆ!” ಎಂದು ಕೂಗಿಕೊಂಡು ಅಡುಗೆಮನೆಗೆ ಓಡಿದೆ. ಒಲೆಯನ್ನು ಇನ್ನೂ ಹಚ್ಚಿರಲಿಲ್ಲ.