ಪಸ್ಕದ ರೊಟ್ಟಿಯೂ ನನ್ನ ಉಪನ್ಯಾಸವೂ

ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವವರನ್ನು ಕಂಡರೆ ನನಗೆ ಗೌರವವಿದೆ. ಆದರೆ ಅವರ ಸಾಲಿಗೆ ಸೇರುವ ಆಸೆ ಎಂದೂ ಆಗಿಲ್ಲ. ರಾಮದುರ್ಗದ ಹೈಸ್ಕೂಲಿನಲ್ಲಿ ಜೀವಮಾನವಿಡೀ ಇತಿಹಾಸ ಹೇಳಿದ ಬಾಯಿ ನಿವೃತ್ತಿಯ ಮರುದಿನವೇ ಮುಚ್ಚೀತೇ? ಹೀಗಿರುವಾಗ ನಮ್ಮ ಚರ್ಚಿನ ಪಾಸ್ಟರು, "ಸರ್, ಶುಭ ಶುಕ್ರವಾರದ ಹಿಂದಿನ ಸಂಜಿ ಯೆಹೂದ್ಯರ ಪಸ್ಕ ಹಬ್ಬದ ಬಗ್ಗೆ ಸ್ವಲ್ಪ ಹೇಳ್ರಿ" ಎಂದರು. ಸ್ವಲ್ಪ ಎಂಬ ಮಾತು ನನಗೆ ಅವಮಾನವೆನಿಸಿತು. "ಬರೇ ಮಾತ್ಯಾಕ್ರಿ, ಪಸ್ಕದ ಊಟಾನ ಇಡೂಣು" ಎಂದುಬಿಟ್ಟೆ.

ಕಥೆ ಹೀಗಿದೆ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿದ್ದ ಇಸ್ರಾಯೇಲ್ಯರು ಬಿಡುಗಡೆಯ ರಾತ್ರಿ, ಸಾವು ತಮ್ಮ ಮನೆಯನ್ನು ದಾಟಿಹೋಗಲೆಂದು, ಕುರಿಮರಿಯ ರಕ್ತವನ್ನು ಬಾಗಿಲಿಗೆ ಹಚ್ಚಿದರು. ಹಿಟ್ಟು ಹುದುಗು ಬಂದು ಉಬ್ಬಲು ಪುರಸೊತ್ತಿಲ್ಲ. ಹುಳಿಯಿಲ್ಲದ ರೊಟ್ಟಿಯನ್ನು ಕಹಿ ಸೊಪ್ಪಿನ ಜೊತೆ, ಕಾಲಲ್ಲಿ ಕೆರ ಮೆಟ್ಟಿಕೊಂಡೇ ಗಡಿಬಿಡಿಯಲ್ಲಿ ಉಂಡು ಹೊರಟರು. ಆ ಕುರಿಮರಿಯಲ್ಲಿ ನಾವು ಕ್ರಿಸ್ತನನ್ನು ಕಾಣುತ್ತೇವೆ. ಕಡೆಯ ಊಟದಲ್ಲಿ ಆತ ಮುರಿದು ಕೊಟ್ಟದ್ದೂ ಇಂಥದೇ ರೊಟ್ಟಿ. ಹಿಟ್ಟನ್ನು ಉಬ್ಬಿಸುವ ಆ ಹುಳಿಯೆಂದರೆ ಮನುಷ್ಯನನ್ನು ಒಳಗೊಳಗೇ ಕೆಡಿಸುವ ಪಾಪ. ಹಬ್ಬಕ್ಕೆ ಮೊದಲು ಅದನ್ನು ಮನೆಯಿಂದಲೇ ತೆಗೆದುಹಾಕಬೇಕೆಂಬುದು ಯೆಹೂದ್ಯರ ಪದ್ಧತಿ. ನಾನು ಬರೀ ಬಾಯಿಮಾತಿನವನಲ್ಲ. ಬುಧವಾರ ಬೆಳಿಗ್ಗೆ ಅಡುಗೆಮನೆಗೆ ನುಗ್ಗಿ, ಪಾತ್ರೆ ತುಂಬ ಉಬ್ಬಿ ನಿಂತಿದ್ದ ದೋಸೆ ಹಿಟ್ಟನ್ನು ಹಿತ್ತಲಿಗೆ ಸುರಿದೆ. ಮೊಸರಿನ ಗಡಿಗೆಗೂ ಕೈ ಹಾಕಿದ್ದೆ, ಅಷ್ಟರಲ್ಲಿ ನನ್ನ ಹೆಂಡತಿ ಸುಶೀಲಾ ಬಂದಳು. ಆ ಹಿಟ್ಟು ಮನೋಳಿಯಿಂದ ಬರಲಿದ್ದ ಅವಳ ತಂಗಿಯ ಮಕ್ಕಳಿಗೆಂದು ರುಬ್ಬಿಟ್ಟದ್ದಂತೆ. ಅವಳು ಗಡಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ನೆರೆಮನೆಗೆ ಒಯ್ದಿಟ್ಟಳು.

ಅವಳ ಸಹಾಯ ನನಗೆ ಬೇಕಿರಲಿಲ್ಲ ಅನ್ನಿ. ಬೈಲಹೊಂಗಲದ ಬೇಕರಿಯೊಂದರಲ್ಲಿ ಹುಳಿಯಿಲ್ಲದ ರೊಟ್ಟಿಗೆ ಹೇಳಿಟ್ಟಿದ್ದೆ. ಗುರುವಾರ ಮಧ್ಯಾಹ್ನ ಡಬ್ಬ ತೆರೆದರೆ ಒಂದೊಂದೂ ಪಾವ್ ಬ್ರೆಡ್ಡಿನಂತೆ ಉಬ್ಬಿದೆ! ಫೋನು ಮಾಡಿದರೆ ಬೇಕರಿಯವನು, "ಸರ್, ಹಿರ್ಯಾರು ತಿನ್ನಾವ್ರು, ಮೆತ್ತಗ ಇರ್ಲಿ ಅಂತ ಈಸ್ಟ್ ನಾನ ಹಾಕೇನ್ರಿ, ಅದಕ್ಕ ಬ್ಯಾರೆ ರೊಕ್ಕ ಬ್ಯಾಡ್ರಿ" ಎಂದು ಪ್ರೀತಿಯಿಂದ ಹೇಳಿದ. ಸಂಜೆಗೆ ಇಡೀ ಸಭೆಯೇ ಬರುವುದಿತ್ತು. ನನ್ನ ಮಾನ ಹೋಗುವ ಹೊತ್ತು ಬಂತೆಂದು ತಲೆ ಹಿಡಿದು ಕುಳಿತೆ.

ಆಗ ಸುಶೀಲಾ ಬಾಯಿಬಿಟ್ಟಳು. "ಹುಟ್ಟಿದಾಗಿಂದ ಏನ ತಿಂದೀರಿ? ಜ್ವಾಳದ ರೊಟ್ಟಿಗೆ ಯಾರರ ಹುಳಿ ಹಾಕ್ತಾರೇನು? ಜೋಡಿಗೆ ಹಸಿ ಮೆಂತೆ ಸೊಪ್ಪು ಕಹಿ ಇಲ್ಲೇನು? ನಿಮ್ಮ ಪಸ್ಕ ನಮ್ಮನ್ಯಾಗ ದಿನಾ ಐತಿ."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಜೀವ ಬಂದಂತಾಯಿತು. "ಹಂಗಾರ ರೊಟ್ಟಿ ಬಡದಕೊಡು ಮಾರಾಯ್ತಿ" ಎಂದು ಕೈ ಮುಗಿದೆ.

"ಕೊಡತೇನಿ. ನೆರಮನಿ ಅಕ್ಕಾನೂ ಕರೀತೇನಿ. ಆದ್ರ ಬಿಸಿ ಇದ್ದಾಗ ಉಣಸಬೇಕು. ನಾ ಆರಿದ ರೊಟ್ಟಿ ಬಡಸಿದೆ ಅಂತ ಊರಾಗ ಮಾತ ಬರಬಾರದು ನೋಡ್ರಿ."

ಸಂಜೆ ಚರ್ಚಿನಲ್ಲಿ ರೊಟ್ಟಿಯ ಬುಟ್ಟಿಯಿಂದ ಹಬೆ ಏಳುತ್ತಿತ್ತು, ಪಾಸ್ಟರ ಮನೆಯಿಂದ ಮಟನ್ನೂ ಬಂದಿತ್ತು. ನಾನು ಎದ್ದು ನಿಂತೆ. ಪಸ್ಕ ತಿಳಿಯಬೇಕಾದರೆ ಆ ಗುಲಾಮರನ್ನು ಬಿಡಿಸಿ ತಂದ ಮೋಶೆ ತಿಳಿಯಬೇಕು, ಮೋಶೆ ತಿಳಿಯಬೇಕಾದರೆ ಅವರ ಹಿರಿಯರನ್ನು ಐಗುಪ್ತಕ್ಕೆ ಕರೆಸಿಕೊಂಡ ಯೋಸೇಫನಿಂದ ಹಿಡಿಯಬೇಕು. ಹಿಡಿದೆ. ಮುಂದಿನ ಸಾಲಿನ ಅಜ್ಜಿ ಬುಟ್ಟಿ ನೋಡುತ್ತಿದ್ದಳು. ಅದು ಭಕ್ತಿಯೆಂದು ತಿಳಿದು ಇನ್ನಷ್ಟು ಹುರುಪಾದೆ. ದೇವರು ಐಗುಪ್ತದ ಮೇಲೆ ಕಳಿಸಿದ ಕಪ್ಪೆಗಳ ಬಾಧೆಗೆ ಬರುವಷ್ಟರಲ್ಲಿ ಹಬೆ ನಿಂತಿತ್ತು. ಹಿಂದಿನ ಸಾಲಿನಿಂದ ಸುಶೀಲಾ ಎದ್ದಳು.

"ರೀ, ಅವಸರದಾಗ ಉಣಬೇಕು ಅನ್ನೂದು ಆ ದೇವರ ಮಾತು. ನಿಮ್ಮನ್ನ ಮುಂದ ಮಾಡಿಕೊಂಡಿದ್ರ ಆ ಮಂದಿ ಇನ್ನೂ ಐಗುಪ್ತದಾಗ ಕುಂತಿರತಿದ್ರು!"

ಸಭೆ ಗೊಳ್ಳೆಂದಿತು. ಪಾಸ್ಟರು ಒಂದೇ ಉಸಿರಿಗೆ ಪ್ರಾರ್ಥನೆ ಮುಗಿಸಿದರು. ರೊಟ್ಟಿ ಇನ್ನೂ ಬೆಚ್ಚಗಿತ್ತು. ಎಲ್ಲರೂ ಮುರಿದು ಹಂಚಿಕೊಂಡು ಉಂಡರು, ಅಜ್ಜಿ ಕಣ್ಣೊರೆಸಿಕೊಂಡಳು. ನಾನು ಗಂಟೆಗಟ್ಟಲೆ ಹೇಳಬೇಕೆಂದಿದ್ದ ಅರ್ಥ ಅಲ್ಲಿ ಒಂದು ತುತ್ತಿನಲ್ಲಿ ಮುಗಿದಿತ್ತು.

ಹೋಗುವಾಗ ಪಾಸ್ಟರು ನನ್ನ ಕೈ ಹಿಡಿದು, "ಮುಂದಿನ ವರ್ಷಾನೂ ಇಡೂಣ್ರಿ ಸರ್. ಮಾತು ಸುಶೀಲಕ್ಕಾರು ಹೇಳ್ಲಿ, ನೀವು ಬುಟ್ಟಿ ಹೊತಗೊಂಡ ಬರ್ರಿ" ಎಂದರು. ಸಂತೋಷದಿಂದಲೇ ಒಪ್ಪಿದ್ದೇನೆ. ಬುಟ್ಟಿ ಹೊತ್ತವನು ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಅದರ ಅರ್ಥ ವಿವರಿಸಬಾರದು ಅಂತ ಅವರೇನೂ ಹೇಳಲಿಲ್ಲ.