ಏಳು ಹಲಗೆಯ ಊಟದ ಟೇಬಲ್ಲು

ನಮ್ಮ ಕಾಕಾನಿಗೆ ಹುಚ್ಚು ಎಂದು ಕಮರಿಪೇಟೆಯಲ್ಲಿ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹುಚ್ಚರು ನಡುನಡುವೆ ಮನಸ್ಸು ಬದಲಿಸುತ್ತಾರೆ. ನಮ್ಮ ಕಾಕಾ ಹಿಡಿದದ್ದನ್ನು ಬಿಟ್ಟ ದಾಖಲೆಯೇ ಇಲ್ಲ! ಅಪ್ಪನ ತಮ್ಮ, ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರ, ಜೇಬಿನಲ್ಲಿ ಸದಾ ಅಳತೆಯ ಟೇಪು. ಸೇರು ಹೋಗಿ ಕಿಲೋ ಬಂದ ಆ ದಿನಗಳಲ್ಲಿ ಹುಬ್ಬಳ್ಳಿಯೆಲ್ಲ ತಕ್ಕಡಿಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದರೆ, ಇವನು ಊಟಕ್ಕೆ ಕೂತ ನಮ್ಮ ಎಡ ಮಂಡಿಯಿಂದ ಬಲ ಮಂಡಿಗೆ ಎಷ್ಟು ಅಂತರ ಎಂದು ಅಳೆಯುತ್ತಿದ್ದ.

ಆದದ್ದು ಇಷ್ಟೇ. ಧಾರವಾಡದ ಕೆಲಗೇರಿ ಕಡೆ ಹೊಸ ಮನೆ ಕಟ್ಟಿಸಿದ್ದ ಗೆಳೆಯನಲ್ಲಿಗೆ ಕಾಕಾ ಒಬ್ಬನೇ ಊಟಕ್ಕೆ ಹೋಗಿದ್ದ. ಅಲ್ಲಿ ಟೇಬಲ್ಲು, ಕುರ್ಚಿ. ಗಂಡ ಹೆಂಡತಿ ಎದುರುಬದುರು ಕೂತು ಉಂಡರಂತೆ. ನಡುವೆ ಆ ಗೆಳೆಯ, "ಇಕಿಗೆ ಬದನಿಕಾಯಿ ಸೇರೂದಿಲ್ಲ. ನಿಮ್ಮ ಮನಿಯವ್ರಿಗೆ ಏನ್ ಸೇರ್ತದ್ರಿ?" ಎಂದು ಕೇಳಿಬಿಟ್ಟ. ಕಾಕಾ ನೀರು ಕುಡಿದ. ಮದುವೆಯಾಗಿ ಎಂಟು ವರ್ಷ. ಮದುವೆಯಲ್ಲಿ ಗಂಡು ಹೆಣ್ಣನ್ನು ಜೊತೆಗೆ ಕೂಡಿಸಿ ಉಣ್ಣಿಸುವ ಭೂಮದ ಊಟದಲ್ಲಿ ಕಾಕಿ ನಾಚಿಕೊಂಡು ತಿಂದ ಎರಡು ತುತ್ತು ಬಿಟ್ಟರೆ, ಆಕೆ ಉಣ್ಣುವುದನ್ನು ಅವನು ನೋಡಿಯೇ ಇರಲಿಲ್ಲ! ನೋಡುವುದಾದರೂ ಹೇಗೆ? ಗಂಡಸರದು ಮೊದಲ ಪಂಕ್ತಿ. ಹೆಂಗಸರದು ಎಲ್ಲ ಮುಗಿದ ಮೇಲೆ, ಒಳಗೆ, ಒಲೆಯ ಮಗ್ಗುಲಲ್ಲಿ. ಮನೆಗೆ ಬಂದವನೇ ಕಾಕಿಯನ್ನು ಕೇಳಿದ. "ನಂಗ ಎಲ್ಲಾ ಸೇರ್ತದ್ರಿ" ಎಂದಳು. ಇದೂ ಒಂದು ಉತ್ತರವೇ?

ಅಂದೇ ಕಾಕಾ ನಿಶ್ಚಯಿಸಿದ. ಮನೆಗೆ ಟೇಬಲ್ಲು ಬರಬೇಕು, ಏಳೂ ಜನ ಒಟ್ಟಿಗೆ ಕೂಡಬೇಕು, ಹೆಂಡತಿಗೆ ಏನು ಸೇರುತ್ತದೆ ಎಂದು ತಾನು ಕಣ್ಣಾರೆ ನೋಡಬೇಕು.

ನಮ್ಮ ಮನೆಯ ಊಟದ ಪೀಠೋಪಕರಣದ ಇತಿಹಾಸ ಅಲ್ಲಿಯವರೆಗೆ ಬಹಳ ಚಿಕ್ಕದು. ಅಜ್ಜನಿಗೆ ಹಿತ್ತಾಳೆಯ ಮೊಳೆ ಬಡಿದ ಮಣೆ, ಅಪ್ಪ ಮತ್ತು ಕಾಕಾನಿಗೆ ಬರಿಯ ಮಣೆ, ಹೆಂಗಸರಿಗೆ ನೆಲ. ಇದನ್ನು ಬದಲಿಸಲು ಹೊರಟರೆ ಅಜ್ಜಿ ಬಿಟ್ಟಾಳೆಯೇ?

"ಒಂದ ಹಲಗಿ ಮ್ಯಾಲೆ ಎಲ್ಲಾರೂ ಉಂಡ್ರ, ಎಲ್ಲಾರ ಎಂಜಲಾನೂ ಒಂದ ಆತಲ್ಲೋ."

"ಹಂಗಾರ ಏಳು ಹಲಗಿ ಮಾಡಸ್ತೇನಿ. ನಡುವ ಒಂದೊಂದು ಬೆರಳು ಸಂದು ಬಿಡಸ್ತೇನಿ. ಯಾರದೂ ಯಾರಿಗೂ ಮುಟ್ಟೂದಿಲ್ಲ."

"ಕಾಲು ಇಳಿಬಿಟ್ಟು ಉಂಡ್ರ ಅನ್ನ ಮೈಗೆ ಹತ್ತೂದಿಲ್ಲ."

"ಚಕ್ಕಳಮಕ್ಕಳ ಹಾಕಿ ಕೂಡೂವಷ್ಟು ಅಗಲ ಕುರ್ಚಿ ಮಾಡಸ್ತೇನಿ."

ನಮ್ಮ ಮಂಡಿಗಳ ಅಳತೆ ತೆಗೆದದ್ದು ಇದಕ್ಕೇ. ಬಡಿಗೇರ ಮೂರು ಸಲ ಕೈ ಮುಗಿದು ಓಡಿಹೋದ, ಮೂರು ಸಲವೂ ಕಾಕಾ ಅವನನ್ನು ಹಿಡಿದು ತಂದ.

ಅಂತೂ ಟೇಬಲ್ಲು ಬಂತು. ಎದುರುಬದುರು ಕೂತರೆ ಇಬ್ಬರ ಎಂಜಲು ಒಂದೇ ಹಲಗೆಗೆ ಬೀಳುತ್ತದಲ್ಲ, ಅದಕ್ಕೆ ಏಳೂ ಜನ ಒಂದೇ ಮಗ್ಗುಲಿಗೆ, ಗೋಡೆಗೆ ಮುಖ ಮಾಡಿ ಕೂಡುವ ಏರ್ಪಾಡು. ಅಷ್ಟಗಲದ ಏಳು ಕುರ್ಚಿಗಳನ್ನು ಸಾಲಾಗಿ ಇಟ್ಟರೆ ನಮ್ಮ ಪಡಸಾಲೆ ಸಾಕಾದೀತೇ? ಟೇಬಲ್ಲಿನ ಬಾಲ ಬಾಗಿಲು ದಾಟಿ ಹೊರಗಿನ ಕಟ್ಟೆಗೆ ಬಂತು. ಕೊನೆಯ ಕುರ್ಚಿ ನನ್ನದು. ಓಣಿಯಲ್ಲಿ ಹೋಗುವವರೆಲ್ಲ ನಿಂತು, "ಇವತ್ತ ಏನ್ ಪಲ್ಯಾನವಾ?" ಎಂದು ಕೇಳಿ, ತಾಟಿನಲ್ಲಿ ಇಣುಕಿ, ಸಮಾಧಾನವಾದ ಮೇಲೆ ಮುಂದೆ ಹೋಗುತ್ತಿದ್ದರು.

ಮೊದಲ ದಿನ ಅಜ್ಜ, ಊಟಕ್ಕೆ ಮೊದಲು ತೆಗೆದಿಡುವ ಅನ್ನದ ಚಿತ್ರಾಹುತಿಯನ್ನು ನೆಲಕ್ಕೇ ಇಡಬೇಕೆಂದು ಕುರ್ಚಿಯಿಂದ ಇಳಿದ, ಇಟ್ಟ, ಮತ್ತೆ ಹತ್ತಿದ. ಹತ್ತಿ ಕೂಡುವಷ್ಟರಲ್ಲಿ ಟೇಬಲ್ಲು ಅಲುಗಿ ಪಕ್ಕದ ಅಪ್ಪನ ತಾಟಿನಿಂದ ಸಾರು ತುಳುಕಿತು. ಅದು ಸಂದಿನಲ್ಲಿ ಇಳಿದು ನೇರವಾಗಿ ಅಜ್ಜನ ಧೋತರಕ್ಕೆ ಹೋಯಿತು. ಎಂಜಲು ಮೇಲೆ ಕೂಡದಿದ್ದರೇನಾಯಿತು, ಕೆಳಗೆ ಕೂಡಿತು!

"ನಿನ್ನ ಗಡಿ ಬರೇ ಮ್ಯಾಲಿಂದೇನೋ?" ಎಂದ ಅಜ್ಜ.

ಕಾಕಾ ಟೇಪು ತೆಗೆದ. ಮರುದಿನ ಪ್ರತಿ ಸಂದಿನ ಕೆಳಗೂ, ಮಳೆಯ ನೀರಿಗೆ ಮಾಳಿಗೆಯ ಅಂಚಿಗೆ ಕೂಡಿಸುವಂಥ ತಗಡಿನ ದೋಣಿ ಬಂದು ಕೂತಿತ್ತು.

ಇಷ್ಟೆಲ್ಲ ಆದರೂ ಅಜ್ಜಿ, ಅವ್ವ, ಕಾಕಿ, ಮೂವರ ಕುರ್ಚಿಗಳೂ ಖಾಲಿ. ಅತ್ತೆ ಕೂಡದೆ ಸೊಸೆಯರು ಕೂಡುವುದುಂಟೇ? ಕೂತರೆ ಬಡಿಸುವವರು ಯಾರು? ಕಾಕಾ ದಿನವೂ ಕಾಕಿಯ ಖಾಲಿ ಕುರ್ಚಿಯ ಪಕ್ಕ ಕೂತು ಉಂಡ. ನಾವು ನಕ್ಕೆವು, ಓಣಿಯೂ ನಕ್ಕಿತು. ಮೂರನೆಯ ವಾರ, ಒಂದು ರವಿವಾರ ಮಧ್ಯಾಹ್ನ, ಅವನು ತಾಟಿನ ಮುಂದೆ ಕೈಕಟ್ಟಿ ಕೂತುಬಿಟ್ಟ.

"ಯಾಕೋ? ಅಡಗಿ ಛಲೋ ಆಗಿಲ್ಲೇನು?" ಎಂದಳು ಅಜ್ಜಿ.

"ಅವ್ವಾ, ಇಕಿಗೆ ಏನ್ ಸೇರ್ತದ ನಂಗ ಗೊತ್ತಿಲ್ಲ. ಇಕಿ ಉಣ್ಣೂದು ನೋಡೂತನಕ ನಾ ಉಣ್ಣೂದಿಲ್ಲ."

ಕಾಕಿ ಅಡಿಗೆಮನೆಯ ಬಾಗಿಲ ಹಿಂದೆ ಸರಿದಳು. ಅಜ್ಜಿ ಅಜ್ಜನ ಕಡೆ ಒಮ್ಮೆ ನೋಡಿದಳು. ಅಜ್ಜ ತನ್ನ ತಾಟನ್ನೇ ನೋಡಿಕೊಂಡು ಕೂತಿದ್ದ.

"ಬರ್ರೆವಾ, ಇಬ್ರೂ ಬಂದು ಕೂಡ್ರಿ," ಎಂದಳು ಅಜ್ಜಿ. "ಇವತ್ತ ನಾ ಬಡಸ್ತೇನಿ."

ಅವ್ವ ತನ್ನ ಕುರ್ಚಿಗೆ ಬಂದಳು, ಕಾಕಿ ಸೆರಗು ಬಿಗಿದುಕೊಂಡು ಕಾಕಾನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. ಅಜ್ಜಿ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದವಳೇ, ಉಬ್ಬಿದ್ದು ಉಬ್ಬಿದ ಹಾಗೆಯೇ ತಂದು ಆಕೆಯ ತಾಟಿಗೆ ಹಾಕಿದಳು. ಎಣ್ಣೆಗಾಯಿ ಇತ್ತು, ಶೇಂಗಾ ಚಟ್ನಿ ಇತ್ತು, ಬೆಣ್ಣೆ ಇತ್ತು. ಕಾಕಾ ಕತ್ತು ಹೊರಳಿಸಿ ಉಸಿರು ಹಿಡಿದು ಕಾದ. ಕೈ ಮೊದಲು ಯಾವುದಕ್ಕೆ ಹೋಗುತ್ತದೆ?

ಕಾಕಿ ಯಾವುದನ್ನೂ ಮುಟ್ಟಲಿಲ್ಲ. ರೊಟ್ಟಿಯನ್ನು ಚೂರು ಚೂರು ಮುರಿದಳು, ಮಜ್ಜಿಗೆಯ ತಂಬಿಗೆ ಎಳೆದು ಅದರ ಮೇಲೆ ಸುರಿದಳು, ನೆನೆಯಲಿ ಎಂದು ಕಾಯುತ್ತ ಕೂತಳು.

"ಅದು ಬಿಸಿ ಅದ," ಎಂದ ಕಾಕಾ ಮೆಲ್ಲಗೆ. "ಮೆತ್ತಗ ಅದ."

ಕಾಕಿ ತನ್ನ ಕೈಯನ್ನು ತಾನೇ ನೋಡಿಕೊಂಡಳು. "ನಮ್ಮ ಪಾಳಿ ಬರೂದ್ರಾಗ ರೊಟ್ಟಿ ಆರಿ ಸೆಟದಿರ್ತಾವ್ರಿ," ಎಂದಳು. "ನೆನಸಿ ಉಂಡು ರೂಢಿ ಆಗೇತಿ."

ಎಲ್ಲವನ್ನೂ ಅಳೆದಿದ್ದ ಕಾಕಾ ಇದೊಂದನ್ನು ಅಳೆದಿರಲಿಲ್ಲ. ತಾನೇ ಹಟ ಮಾಡಿ ಬಿಡಿಸಿದ್ದ ಸಂದನ್ನು ದಾಟಿಸಿ, ಆಕೆಯ ತಾಟನ್ನು ತನ್ನ ಹಲಗೆಗೆ ಎಳೆದುಕೊಂಡ. ಬಿಸಿ ರೊಟ್ಟಿಯಿದ್ದ ತನ್ನ ತಾಟನ್ನು ಆಕೆಯ ಹಲಗೆಗೆ ಸರಿಸಿದ. ಮಜ್ಜಿಗೆಯಲ್ಲಿ ನೆನೆದ ರೊಟ್ಟಿಯನ್ನು ತಲೆ ಎತ್ತದೆ ಉಣ್ಣತೊಡಗಿದ. ನಾವೆಲ್ಲ ಅಜ್ಜಿಯ ಮುಖ ನೋಡಿದೆವು. ಆಕೆ ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದು ಕಾಕಿಗೇ ಹಾಕಿದಳು.

ಓಣಿಯಲ್ಲಿ ಯಾರೋ ನಿಂತು, "ಇವತ್ತ ಏನ್ ಪಲ್ಯಾನವಾ?" ಎಂದು ಕೇಳಿದರು. ಅಂದು ಮಾತ್ರ ನಾನು ಪಲ್ಯದ ಹೆಸರು ಬಿಟ್ಟು, "ಬಿಸಿ ರೊಟ್ಟಿ" ಎಂದೆ.